ಸಿಡಿಲಪ್ಪನ ಮೂರನೆಯ ತೊಟ್ಟಿಲು

ಒಂದು ಊರಿನಲ್ಲಿ ಪಟ್ಟಾಭಿ ಎಂಬವನಿದ್ದ. 'ಕಿಡಿ' ಎಂಬ ಚಿತ್ರಕಥೆಯ ವಾರಪತ್ರಿಕೆ ಅವನದು. ಕಥೆ ಬರೆಯುವವನೂ ಅವನೇ, ಚಿತ್ರ ಬಿಡಿಸುವವನೂ ಅವನೇ, ಮಾಲೀಕನೂ ಅವನೇ. ಆದ್ದರಿಂದ ಅವನಿಗೆ ಬುದ್ಧಿ ಹೇಳುವವರು ಯಾರೂ ಇರಲಿಲ್ಲ.

ಅವನ ಕಥಾನಾಯಕ ಸಿಡಿಲಪ್ಪ. ಹಿಟ್ಟಿನ ಗಿರಣಿ ನಡೆಸುವವನು. ಒಮ್ಮೆ ಗಿರಣಿಗೆ ಸಿಡಿಲು ಬಡಿಯಿತು. ಅವನಿಗೆ ಹಾರುವ ಶಕ್ತಿ ಬಂತು. ಯಾರಾದರೂ ಕಷ್ಟದಲ್ಲಿ ಕೂಗಿದರೆ ಸಾಕು, ಮೈಮೇಲಿನ ಹಿಟ್ಟು ಕೊಡವಿ ಹಾರುತ್ತಿದ್ದ. ಅವನು ಹೋದ ದಾರಿಯುದ್ದಕ್ಕೂ ಆಕಾಶದಲ್ಲಿ ಬಿಳಿ ಗೆರೆ ಉಳಿಯುತ್ತಿತ್ತು. ಅವನ ಹೆಂಡತಿ ಕಮಲಿಗೆ ಹಾರಲು ಬರುತ್ತಿರಲಿಲ್ಲ. ಅವನು ಹಾರಿಹೋದಾಗ ಗಿರಣಿ ನಿಲ್ಲದಂತೆ ನೋಡಿಕೊಳ್ಳುತ್ತಿದ್ದಳು. ಎರಡರಲ್ಲಿ ಯಾವ ಕೆಲಸ ಕಷ್ಟದ್ದೆಂದು ಪತ್ರಿಕೆ ಹೇಳಲಿಲ್ಲ.

'ಕಿಡಿ' ಪ್ರತಿ ಗುರುವಾರ ಬಸ್ ನಿಲ್ದಾಣದ ಮಸ್ತಾನ್ ಸಾಬರ ಪುಸ್ತಕದಂಗಡಿಗೆ ಬರುತ್ತಿತ್ತು. ಅಲ್ಲಿ ಕಾದು ನಿಲ್ಲುತ್ತಿದ್ದವರಲ್ಲಿ ಇಬ್ಬರು ಮುಖ್ಯರು. ಒಬ್ಬರು ಪುರೋಹಿತ ವಾಸುದೇವ ಜೋಯಿಸರು. ಪತ್ರಿಕೆಯನ್ನು ಪಂಚಾಂಗದೊಳಗೆ ಇಟ್ಟುಕೊಂಡು ಓದುತ್ತಿದ್ದರು. ಇನ್ನೊಬ್ಬರು ಹೈಸ್ಕೂಲಿನ ವಿಜ್ಞಾನದ ಮೇಡಂ ಭಾಗೀರಥಿ. ಅವರು ಬಹಿರಂಗವಾಗಿಯೇ ಓದುತ್ತಿದ್ದರು.

"ಮೇಡಂ, ಮನುಷ್ಯ ಹಾರ್ತಾನಾ?" ಎಂದು ಸಾಬರು ಕೆಣಕುತ್ತಿದ್ದರು.

"ಗುರುತ್ವಾಕರ್ಷಣೆ ಶಾಲೆಗಾಯ್ತು ಸಾಬ್ರೇ. ಪತ್ರಿಕೆ ಕೊಡಿ."

ಒಂದು ಗುರುವಾರ ಸಿಡಿಲಪ್ಪ ಸತ್ತ. ಒಡೆಯುತ್ತಿದ್ದ ಅಣೆಕಟ್ಟೆಗೆ ಬೆನ್ನು ಕೊಟ್ಟು ನಿಂತು, ಊರು ಉಳಿಸಿ, ನೀರಿನೊಳಗೆ ಹೋದ. ಕೊನೆಯ ಪುಟದಲ್ಲಿ ನೀರಿನ ಮೇಲೆ ತೇಲುವ ಬಿಳಿ ಹಿಟ್ಟು ಮಾತ್ರ ಇತ್ತು. ಊರಿಗೆ ಸಿಡಿಲು ಬಡಿದ ಹಾಗಾಯಿತು. ಜೋಯಿಸರು ಸೂತಕ ಹಿಡಿದರು. ಮೊದಲು ನಕ್ಕವರೂ ಆಮೇಲೆ ಅವರ ಜೊತೆ ಸೇರಿದರು. ಹದಿಮೂರನೆಯ ದಿನ ಅಂಗಡಿಯ ಮುಂದೆ ವಡೆ ಹಂಚಿದರು. ಕಾಗದದ ಮನುಷ್ಯನಿಗೆ ವೈಕುಂಠ ಸಮಾರಾಧನೆ. ನಂಬದಿದ್ದರೆ ಬಿಡಿ, ವಡೆ ತಿಂದವರು ಈಗಲೂ ಇದ್ದಾರೆ.

ತಿಂಗಳು ಕಳೆದ ಮೇಲೆ ಸಿಡಿಲಪ್ಪ ನದಿಯಿಂದ ಎದ್ದು ಬಂದ.

ಊರು ಕುಣಿಯಿತು. ಜೋಯಿಸರು ಮಾತ್ರ ಕೈ ಎತ್ತಿ ನಿಲ್ಲಿಸಿದರು. "ಕರ್ಮ ಮಾಡಿಸಿಕೊಂಡವನು ತಿರುಗಿ ಬಂದರೆ ಸುಮ್ಮನೆ ಒಳಗೆ ಕರ್ಕೊಳ್ಳೋ ಹಾಗಿಲ್ಲ. ಶಾಸ್ತ್ರ ಇದೆ. ಅವನನ್ನ ಮತ್ತೆ ಹುಟ್ಟಿಸಬೇಕು. ತುಪ್ಪದಲ್ಲಿ ಮೀಯಿಸಿ, ತೊಟ್ಟಿಲಿಗೆ ಹಾಕಿ, ಹೆಸರಿಡಬೇಕು."

"ಯಾವ ಹೆಸರು?" ಎಂದರು ಸಾಬರು.

"ಅದೇ ಹೆಸರು. ಆಮೇಲೆ ಮದುವೆ ಮಾಡಬೇಕು."

"ಯಾರ ಜೊತೆ?"

"ಅದೇ ಹೆಂಡ್ತಿ ಜೊತೆ! ಇನ್ಯಾರ ಜೊತೆ?"

"ಅಯ್ಯೋ ಪಾಪ, ಎರಡೆರಡು ಸಲಾನಾ?" ಎಂದು ಸಾಬರು ಮರುಗಿದರು. ಯಾರ ಪರವಾಗಿ ಮರುಗಿದರೋ ತಿಳಿಯಲಿಲ್ಲ.

ಶಾಸ್ತ್ರ ನಡೆಯಿತು. ಪತ್ರಿಕೆಯ ಮೂಲೆಗೆ ತುಪ್ಪ ಸವರಿದರು. ಗೊಂಬೆಯ ತೊಟ್ಟಿಲಲ್ಲಿ ಮಲಗಿಸಿ ಜೋಗುಳ ಹಾಡಿದರು. ಕಿವಿ ಎಲ್ಲಿದೆಯೆಂದು ಚಿತ್ರದಲ್ಲಿ ಹುಡುಕಿ "ಸಿಡಿಲಪ್ಪ" ಎಂದು ಮೂರು ಸಲ ಕೂಗಿದರು. ಕೊನೆಗೆ ಕಮಲಿಯ ಚಿತ್ರವಿದ್ದ ಪುಟಕ್ಕೆ ಅರಿಶಿನದ ದಾರ ಕಟ್ಟಿದರು. ಆಗ ಎಲ್ಲರಿಗಿಂತ ಜೋರಾಗಿ ಅಕ್ಷತೆ ಎರಚಿದವರು ವಿಜ್ಞಾನದ ಮೇಡಂ.

ಪಟ್ಟಾಭಿ ಅದೇ ಹೊತ್ತಿಗೆ ಅಂಗಡಿಗೆ ಬಂದಿದ್ದ. ಗುಂಪಿನ ಹಿಂದೆ ನಿಂತು ತೊಟ್ಟಿಲು ನೋಡಿದ, ಜೋಗುಳ ಕೇಳಿದ. ಅವನ ಕಣ್ಣು ತುಂಬಿತು. ಅಷ್ಟರಲ್ಲಿ ಬಸ್ಸು ಬಂತು, ಹತ್ತಿ ಹೊರಟುಹೋದ. ಅರಿಶಿನದ ದಾರ ಅವನು ನೋಡಲಿಲ್ಲ. ಸೀಟಿನಲ್ಲಿ ಕೂತು ಯೋಚಿಸಿದ: 'ಓಹೋ, ಜನಕ್ಕೆ ಬೇಕಾದದ್ದು ತೊಟ್ಟಿಲು.'

ಮುಂದಿನದೆಲ್ಲ ಈ ಒಂದು ಬಸ್ಸಿನಿಂದ ಆದದ್ದು.

ವರ್ಷಗಳು ಹೋದವು. ಸಿಡಿಲಪ್ಪನಿಗೂ ಕಮಲಿಗೂ ಒಂದು ಹೆಣ್ಣುಮಗುವಾಯಿತು. ಹೊನ್ನಿ. ವಾರವಾರವೂ ಅವಳು ಊರವರ ಕಣ್ಣೆದುರಿಗೇ ಬೆಳೆದಳು. ಅಂಬೆಗಾಲಿಟ್ಟಳು, ಗಿರಣಿಯ ಪಟ್ಟಿಗೆ ಕೈ ಹಾಕಲು ಹೋಗಿ ಬೈಸಿಕೊಂಡಳು, ಶಾಲೆಗೆ ಹೋದಳು. ಆಮೇಲೆ ಕತ್ತಲಯ್ಯನೆಂಬ ಖಳ ಅವಳನ್ನು ಎತ್ತಿಕೊಂಡು ಹೋದ. ಅಂದು ಭಾಗೀರಥಿ ಅಂಗಡಿಯ ಮುಂದೆಯೇ ಹರಕೆ ಹೊತ್ತರು.

"ಹೊನ್ನಿ ಮನೆಗೆ ಬರೋತನಕ ನಾನು ಕಾಫಿ ಮುಟ್ಟಲ್ಲ."

"ಮೇಡಂ, ನೀವು ವಿಜ್ಞಾನದೋರು," ಎಂದರು ಜೋಯಿಸರು.

"ಅದಕ್ಕೇ ಕಾಫಿ ಬಿಟ್ಟಿದ್ದು. ದೇವರನ್ನ ನಂಬೋಳಾಗಿದ್ರೆ ಕಾಯಿ ಒಡೆದು ಸುಮ್ಮನಾಗ್ತಿದ್ದೆ."

ಮನೆಯವರು ನಕ್ಕರು. ಶಾಲೆಯವರು ನಕ್ಕರು. ಭಾಗೀರಥಿ ಕಾಫಿ ಮುಟ್ಟಲಿಲ್ಲ. ಮದುವೆಮನೆಗಳಲ್ಲೂ ಬಿಸಿನೀರು ಕುಡಿದು ಬಂದರು. ಕೊನೆಗೆ ಆ ಗುರುವಾರ ಬಂತು. ಸಿಡಿಲಪ್ಪ ಕತ್ತಲಯ್ಯನ ಗೋದಾಮಿಗೆ ಬಂದು ನಿಂತಿದ್ದ. ಒಳಗಿನಿಂದ "ಅಪ್ಪಾ" ಎಂಬ ದನಿ. ಸಿಡಿಲಪ್ಪನ ಕೈ ಚಿಲಕದ ಮೇಲೆ. ಪುಟ ಮುಗಿಯಿತು.

ಭಾಗೀರಥಿ ಅಂದೇ ಹೋಗಿ ಕಾಫಿಪುಡಿ ಕೊಂಡು ತಂದರು.

ಮುಂದಿನ ಗುರುವಾರ ಕಟ್ಟು ಬಿಚ್ಚಿದಾಗ ಮುಖಪುಟದಲ್ಲಿ ಒಂದು ತೊಟ್ಟಿಲಿತ್ತು. ಅದರಲ್ಲಿ ನಗುವ ಗಂಡುಮಗು. ಮೇಲೆ ದಪ್ಪ ಅಕ್ಷರ: 'ಹೊಸ ಜಗತ್ತು! ಎಲ್ಲವೂ ಮೊದಲಿನಿಂದ!'

ಒಳಗೆ ಸಿಡಿಲಪ್ಪ ಹುಟ್ಟಿದ, ಬೆಳೆದ, ಗಿರಣಿಗೆ ಸೇರಿದ. ಮದುವೆಯಾಗಿರಲಿಲ್ಲ. ಕಮಲಿ ಇರಲಿಲ್ಲ. ಗೋದಾಮು ಇರಲಿಲ್ಲ. ಪಿನ್ನು ಹೊಡೆಯುವಾಗ ಪುಟ ತಪ್ಪಿರಬೇಕೆಂದು ಸಾಬರು ಇನ್ನೊಂದು ಪ್ರತಿ ತೆಗೆದರು. ಅದರಲ್ಲೂ ಅದೇ. ಕಟ್ಟಿನ ತಳದಲ್ಲಿದ್ದುದನ್ನು ಎಳೆದರು. ಅದರಲ್ಲೂ ಅದೇ.

ಮೂವರೂ ಪಟ್ಟಾಭಿಯ ಕಚೇರಿಗೆ ಹೋದರು.

"ಹೊನ್ನಿ ಎಲ್ಲಿ?" ಎಂದರು ಭಾಗೀರಥಿ.

"ಅದು ಹಳೇ ಜಗತ್ತು ಮೇಡಂ. ಈಗ ಹೊಸದು. ಹೊಸ ಓದುಗರಿಗೆ ಸುಲಭವಾಗಲಿ ಅಂತ."

"ಜಗತ್ತು ಯಾವುದಾದ್ರೂ ಇರಲಿ. ಮಗು ಎಲ್ಲಿ?"

"ಹುಟ್ಟಿಲ್ಲ."

"ಹಾಗಂದ್ರೆ... ಸತ್ಲಾ?"

"ಛೆ ಛೆ," ಎಂದು ಪಟ್ಟಾಭಿ ನಕ್ಕ. "ಸಾಯೋದಕ್ಕೆ ಮೊದಲು ಹುಟ್ಟಿರಬೇಕಲ್ಲ."

ಜೋಯಿಸರ ವೃತ್ತಿಯಲ್ಲಿ ಎಲ್ಲದಕ್ಕೂ ಒಂದು ವಿಧಿ ಇದೆ, ಇದಕ್ಕೆ ಇರಲಿಲ್ಲ.

"ಸತ್ತವರಿಗೆ ಎಳ್ಳುನೀರು ಬಿಡಬಹುದು ಪಟ್ಟಾಭಿಗಳೇ," ಎಂದರು ಅವರು. "ಹುಟ್ಟಲೇ ಇಲ್ಲ ಅಂದುಬಿಟ್ರೆ ಏನು ಬಿಡೋದು?"

ಪಟ್ಟಾಭಿಗೆ ಬೇಸರವಾಯಿತು. "ನೀವೇ ಅಲ್ವಾ ತೊಟ್ಟಿಲು ತೂಗಿದ್ದು? ನಾನೇ ಕಣ್ಣಾರೆ ನೋಡಿದೀನಿ."

"ತೊಟ್ಟಿಲು ನೋಡಿದ್ರಿ," ಎಂದರು ಜೋಯಿಸರು. "ಅರಿಶಿನದ ದಾರ ನೋಡಲಿಲ್ವಾ? ಅವನು ಮತ್ತೆ ಹುಟ್ಟಿದ್ದು ಅದೇ ಮನೆಗೆ ವಾಪಸ್ಸು ಬರೋಕೆ."

"ಯಾವ ದಾರ?" ಎಂದ ಪಟ್ಟಾಭಿ.

ಬಾಗಿಲಲ್ಲಿ ಭಾಗೀರಥಿ ತಿರುಗಿ ಕೇಳಿದರು: "ಹಾಗಾದ್ರೆ ನಾನು ಕಾಫಿ ಯಾವಾಗ ಕುಡೀಲಿ?"

ಪಟ್ಟಾಭಿ ಅದನ್ನು ತಮಾಷೆಯೆಂದುಕೊಂಡ. ಹರಕೆಯ ಸುದ್ದಿ ಅವನಿಗೂ ಗೊತ್ತಿತ್ತು. ಅದನ್ನೂ ತಮಾಷೆಯೆಂದೇ ತಿಳಿದಿದ್ದ.

ಹಳೆಯ ಸಂಚಿಕೆಗಳು ಮನೆಮನೆಯಲ್ಲಿದ್ದರೆ ಹೊಸ ಜಗತ್ತಿಗೆ ತೊಡಕೆಂದು ಅವನಿಗೆ ಅನ್ನಿಸಿತು. 'ಹಳೆಯದು ತನ್ನಿ, ಹೊಸದು ಒಯ್ಯಿರಿ' ಎಂದು ಸಾರಿದ. ಬಂದದ್ದನ್ನೆಲ್ಲ ರದ್ದಿಗೆ ಹಾಕಿದ. ತನ್ನಲ್ಲಿದ್ದುದನ್ನೂ ಹಾಕಿದ. ಭಾಗೀರಥಿಯೂ ತಮ್ಮವನ್ನು ಕೊಟ್ಟುಬಿಟ್ಟರು. ಹೊಸದರಲ್ಲಾದರೂ ಮುಂದೊಂದು ವಾರ ಹೊನ್ನಿ ಹುಟ್ಟಬಹುದೆಂಬ ಆಸೆ. ಹುಟ್ಟಲಿಲ್ಲ. ಅದಕ್ಕೆ ಮೊದಲೇ ಪಟ್ಟಾಭಿ ಆ ಜಗತ್ತನ್ನೂ ಒರೆಸಿ ಮೂರನೆಯ ತೊಟ್ಟಿಲು ತೂಗಿದ.

ಈ ಸಲ ಸಿಡಿಲಪ್ಪನಿಗೆ ಕಪ್ಪು ಅಂಗಿ. ಉಳಿದದ್ದೆಲ್ಲ ಹಾಗೆಯೇ.

"ಮತ್ತೆ ಸಿಡಿಲು ಬಡೀತಾ?" ಎಂದು ಜೋಯಿಸರು ಕೇಳಿದರು.

"ಬಡೀತು," ಎಂದರು ಸಾಬರು.

"ಗಿರಣಿಗೇನಾ?"

"ಇನ್ನೆಲ್ಲಿಗೆ? ಅದಕ್ಕೂ ದಾರಿ ಬಾಯಿಪಾಠ ಆಗಿದೆ."

ಜನ ಕೊಳ್ಳಲು ಬರುತ್ತಿಲ್ಲವೆಂದು ಕಂಡ ಪಟ್ಟಾಭಿ ಸಿಡಿಲಪ್ಪನನ್ನು ಇನ್ನೊಮ್ಮೆ ಸಾಯಿಸಿದ. 'ಈ ಬಾರಿ ನಿಜವಾಗಿ!' ಎಂದು ಮುಖಪುಟದಲ್ಲಿ ಕೂಗಿದ. ಆ ಗುರುವಾರ ಅಂಗಡಿಯ ಮುಂದೆ ಪತ್ರಿಕೆಗಾಗಿ ಒಬ್ಬರೂ ನಿಲ್ಲಲಿಲ್ಲ. ಜೋಯಿಸರು ಹೋಳಿಗೆ ಊಟಕ್ಕೆ ಹೊರಟಿದ್ದರು. "ಇವನು ಸತ್ತಾಗೆಲ್ಲ ಸೂತಕ ಹಿಡಿದ್ರೆ ನನಗೆ ಹಬ್ಬಾನೇ ಇಲ್ಲದ ಹಾಗಾಗುತ್ತೆ," ಎಂದು ನಡೆದುಬಿಟ್ಟರು. ಕಟ್ಟು ಬಿಚ್ಚದೆಯೇ ಕಚೇರಿಗೆ ವಾಪಸ್ಸಾಯಿತು.

ಈಗ ಪಟ್ಟಾಭಿಗೆ ಹೆದರಿಕೆಯಾಯಿತು. ಜನ ಕೊನೆಯ ಸಲ ನೂಕುನುಗ್ಗಲಾಗಿ ಬಂದದ್ದು ಯಾವಾಗ ಎಂದು ನೆನೆದ. ಚಿಲಕದ ಮೇಲೆ ಕೈ ಇದ್ದಾಗ. ಹಾಗಾದರೆ ಹೊನ್ನಿ ಬರಲಿ ಎಂದು ಕಾಗದದ ಮುಂದೆ ಕೂತ. ಕುಂಚ ಅದ್ದಿದ. ಕೈ ಏಳಲಿಲ್ಲ.

ಹೊನ್ನಿಯ ಮುಖ ಅವನಿಗೆ ನೆನಪಿರಲಿಲ್ಲ.

ಅವಳನ್ನು ವಾರವಾರ ಬಿಡಿಸಿದ ಕೈ ಅದು. ರದ್ದಿಗೆ ಹಾಕಿದ ಕೈಯೂ ಅದೇ. ಕೊನೆಗೆ ಎರಡು ಜಡೆ, ಗುಂಡು ಮುಖ, ಕೆನ್ನೆಯಲ್ಲಿ ಗುಳಿ ಹಾಕಿ ಒಂದು ಹುಡುಗಿಯನ್ನು ಬಿಡಿಸಿ ಅಚ್ಚು ಮಾಡಿದ. ಸಾಬರು ಮುಖಪುಟವನ್ನು ಬೆಳಕಿಗೆ ಹಿಡಿದು ನೋಡಿದರು.

"ಇದ್ಯಾರ ಮಗು?" ಎಂದರು. "ಪಾಪ, ಇವರಪ್ಪ ಅಮ್ಮ ಹುಡುಕ್ತಿರಬೇಕು."

ಬೇರೆ ದಾರಿಯಿಲ್ಲದೆ ಪಟ್ಟಾಭಿ ಭಾಗೀರಥಿಯ ಮನೆಗೆ ಹೋದ. ಅವರು ಬಾಗಿಲ ಮುಂದಿನ ಕುರ್ಚಿಯಲ್ಲಿ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದರು. ಎಡಗೈಯಲ್ಲಿ ಸ್ಟೀಲಿನ ಲೋಟ. ಹಬೆಯಾಡುತ್ತಿತ್ತು. ವಾಸನೆ ಗೇಟಿನವರೆಗೂ ಬಂತು. ಪಟ್ಟಾಭಿ ಗೇಟಿನಲ್ಲೇ ನಿಂತುಬಿಟ್ಟ.

"ನೀವು... ಕಾಫಿ ಕುಡೀತಿದ್ದೀರಿ."

"ಹೂಂ. ನಿಮಗೂ ಬೇಕಾ?"

"ಹರಕೆ?"

"ತೀರ್ತಲ್ಲ. ಹೊನ್ನಿ ಮನೆಗೆ ಬಂದಾಯ್ತು."

"ಯಾವಾಗ? ನಾನು ಬರೆದೇ ಇಲ್ಲ!"

"ನೀವು ಬರೀಲಿಲ್ಲ. ನಾವು ಕಾಯಲಿಲ್ಲ." ಭಾಗೀರಥಿ ಕೆಂಪು ಪೆನ್ನಿಗೆ ಮುಚ್ಚಳ ಹಾಕಿದರು. "ಗುರುವಾರ ಸಾಬ್ರ ಅಂಗಡೀಲಿ ಓದೋವಂಥದ್ದು ಏನೂ ಇರ್ತಿರಲಿಲ್ಲ. ಒಂದಿನ ಜೋಯಿಸರು ಆ ಚಿಲಕದಿಂದ ಕಥೆ ಶುರುಮಾಡಿದ್ರು. ಮುಂದಿನ ವಾರ ಸಾಬ್ರು ಹೇಳಿದ್ರು. ತಪ್ಪಿದ್ದನ್ನ ನಾನು ತಿದ್ದಿದೆ."

"ಸಿಡಿಲಪ್ಪ ಬಾಗಿಲು ತೆಗೆದನಾ?"

"ಅವನನ್ನ ನೀವು ತೊಟ್ಟಿಲಿಗೆ ಹಾಕಿಬಿಟ್ಟಿದ್ರಲ್ಲ. ಕಮಲೀನೇ ಗಿರಣಿ ನಿಲ್ಲಿಸಿ ಹೋದ್ಲು. ನಡ್ಕೊಂಡೇ ಹೋದ್ಲು, ಅದಕ್ಕೇ ತಡ ಆಯ್ತು. ಹೊನ್ನಿ ಈಗ ಎಂಟನೇ ಕ್ಲಾಸು. ಲೆಕ್ಕದಲ್ಲಿ ಸ್ವಲ್ಪ ಹಿಂದೆ."

ಪಟ್ಟಾಭಿ ಒಳಗೆ ಬಂದು ಮೆಟ್ಟಿಲ ಮೇಲೆ ಕೂತ. ತಾನು ಹುಟ್ಟಿಸಿದ ಮಗು, ತಾನು ಹುಟ್ಟೇ ಇಲ್ಲವೆಂದ ಮಗು, ತನಗೆ ಹೇಳದೆ ಎಂಟನೇ ಕ್ಲಾಸಿಗೆ ಬಂದಿತ್ತು.

"ಅವಳ ಮುಖ ಹೇಗಿತ್ತು ಹೇಳಿ ತಾಯಿ," ಎಂದ. "ನಿಮಗೆ ನೆನಪಿದೆ ಅಲ್ವಾ? ಬಿಡಿಸ್ತೀನಿ. ಪತ್ರಿಕೆ ಉಳಿಯುತ್ತೆ. ನಾನು ಉಳೀತೀನಿ."

"ಚೆನ್ನಾಗಿ ನೆನಪಿದೆ. ಹೇಳಲ್ಲ."

"ಯಾಕೆ?"

"ಹೇಳಿದ್ರೆ ಬಿಡಿಸ್ತೀರಿ. ಬಿಡಿಸಿದ್ರೆ ಅಳಿಸ್ತೀರಿ."

ಭಾಗೀರಥಿ ಒಳಗೆ ಹೋಗಿ ಅವನಿಗೂ ಒಂದು ಲೋಟ ಕಾಫಿ ತಂದುಕೊಟ್ಟರು. ಮನೆಗೆ ಬಂದವರಿಗೆ ಕೊಡಲೇಬೇಕಲ್ಲ. ಅವನು ಅದನ್ನು ಹಿಡಿದುಕೊಂಡೇ ಕೂತ. ಕಾಫಿಯ ಮೇಲೆ ಕೆನೆ ಕಟ್ಟಿತು. ಅವರು ಮುಂದಿನ ಉತ್ತರಪತ್ರಿಕೆ ತೆಗೆದುಕೊಂಡರು.

ಹೊನ್ನಿಯ ಮುಖ ಹೇಗಿತ್ತೆಂದು ನನಗೂ ಗೊತ್ತು. ನಾನೂ ಬರೆಯುವುದಿಲ್ಲ. ಈ ಕಥೆಯನ್ನೂ ನಾಳೆ ಯಾರಾದರೂ ಮೊದಲಿನಿಂದ ಶುರುಮಾಡಬಹುದು.

ನೀತಿ: ಸತ್ತವನನ್ನು ಎಬ್ಬಿಸಿದರೆ ಕೇಳುವವರು ಕ್ಷಮಿಸುತ್ತಾರೆ. ಇದ್ದವಳನ್ನು ಹುಟ್ಟಲೇ ಇಲ್ಲವೆಂದರೆ ಕ್ಷಮಿಸುವುದಿಲ್ಲ. ಹೇಳುವವನು ಎಷ್ಟು ಸಲ ಬೇಕಾದರೂ ಮೊದಲಿನಿಂದ ಶುರುಮಾಡಬಹುದು. ಒಮ್ಮೆ ಕೇಳಿದವರು ಮಾತ್ರ ಕೇಳದವರಾಗುವುದಿಲ್ಲ.