ರೀಲಿನ ಕೊನೆಯ ಚಿತ್ರ

ಶಿಷ್ಯನೊಬ್ಬ ಕೇಳಿದ: “ಗುರುಗಳೇ, ಅರ್ಧದಲ್ಲಿ ಕೆಟ್ಟುಹೋದ ಕೆಲಸದಿಂದ ಏನಾದರೂ ಉಳಿಯುತ್ತದೆಯೇ?”

ಅವನು ಹೀಗೆ ಕೇಳಲು ಕಾರಣವಿತ್ತು. ಕುಂಬಾರ ಓಣಿಯ ಮಕ್ಕಳಿಗೆಂದು ಅವನು ಒಂದು ಸಂಜೆಶಾಲೆ ತೆರೆದಿದ್ದ. ವರ್ಷದ ಮೇಲೆ ನಡೆಯಿತು. ಮಕ್ಕಳು ಅಕ್ಷರ ಕೂಡಿಸಿ ಓದಲು ಕಲಿಯುವ ಹೊತ್ತಿಗೆ ಜಾಗದ ಯಜಮಾನ ಬಾಗಿಲಿಗೆ ಬೀಗ ಹಾಕಿದ. ಶಿಷ್ಯ ಹಲಗೆಗಳನ್ನು ಹೊತ್ತು ತಂದು ಮಠದ ಅಟ್ಟದ ಮೇಲಿಟ್ಟ. ಅಂದಿನಿಂದ ಅವನಿಗೆ ಯಾವ ಕೆಲಸದಲ್ಲೂ ಮನಸ್ಸು ನಿಲ್ಲುತ್ತಿರಲಿಲ್ಲ.

ಗುರುಗಳು ಒಂದು ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಕನ್ನಡಕದ ಅಂಗಡಿಯವನೊಬ್ಬನಿದ್ದ. ಅವನಿಗೆ ಚಿತ್ರ ತೆಗೆಯುವ ಹವ್ಯಾಸ. ವಾರಕ್ಕೊಂದು ದಿನ ಅಂಗಡಿ ಮುಚ್ಚಿ, ಕೊರಳಿಗೆ ಕ್ಯಾಮೆರಾ ಹಾಕಿಕೊಂಡು, ಸಿಕ್ಕ ಬಸ್ಸು ಹತ್ತುತ್ತಿದ್ದ. ಕೋಟೆ, ಕೆರೆ, ಪಾಳುಮಂಟಪ, ಇವು ಅವನಿಗೆ ಇಷ್ಟ. ಮನುಷ್ಯರ ಚಿತ್ರ ತೆಗೆಯುವುದು ಅಷ್ಟಾಗಿ ಇಷ್ಟವಿರಲಿಲ್ಲ. ಕಲ್ಲು ಕಣ್ಣು ಮುಚ್ಚುವುದಿಲ್ಲ, ಆಚೆ ತಿರುಗುವುದಿಲ್ಲ, ನನ್ನ ಮೂಗು ಹೀಗೇಕೆ ಬಂದಿದೆ ಎಂದು ಕೇಳುವುದಿಲ್ಲ. ಆದರೂ ನೆಂಟರ ಮದುವೆ, ಮುಂಜಿ, ಬೀಳ್ಕೊಡುಗೆ ಎಂದರೆ ಜನ ಅವನನ್ನು ಬಿಡುತ್ತಿರಲಿಲ್ಲ. ಬೇಡವೆನ್ನಲು ಅವನಿಗೆ ಬರುತ್ತಿರಲಿಲ್ಲ.

ಅದು ಫಿಲ್ಮಿನ ಕಾಲ. ಅವನು ಫಿಲ್ಮನ್ನು ಉದ್ದನೆಯ ಸುರುಳಿಯಾಗಿ ತಂದು, ಕತ್ತಲಲ್ಲಿ ಕೈಯಳತೆಯ ಮೇಲೆ ಕತ್ತರಿಸಿ, ತಾನೇ ರೀಲು ಸುತ್ತಿಕೊಳ್ಳುತ್ತಿದ್ದ. ಅಳತೆ ತಪ್ಪುವುದಿಲ್ಲ ಎಂದು ಅವನಿಗೆ ನಂಬಿಕೆಯಿತ್ತು.

ಒಂದು ಶ್ರಾವಣದಲ್ಲಿ ಅವನು ಬಡಗಣ ಸೀಮೆಯ ಒಂದು ಕೋಟೆಗೆ ಹೋದ. ಬೆಳಗಿನ ಬೆಳಕು ಚೆನ್ನಾಗಿತ್ತು. ಮನಸಾರೆ ಚಿತ್ರ ತೆಗೆದ. ಇಳಿದು ಬಸ್ಸಿಗೆಂದು ಓಣಿಯಲ್ಲಿ ನಡೆಯುತ್ತಿದ್ದಾಗ ಒಂದು ಮನೆಯ ಮುಂದೆ ಹಂದರ ಕಂಡಿತು. ಮಗುವಿಗೆ ಹೆಸರಿಡುವ ದಿನ. ಬಾಗಿಲಲ್ಲಿ ನಿಂತಿದ್ದ ಮನೆಯ ಮಗ ಇವನ ಕೊರಳು ನೋಡಿದ.

“ಕ್ಯಾಮೆರಾ ಐತಿ! ಬರ್ರಿ, ಬರ್ರಿ. ನಮ್ಮ ಸ್ಟುಡಿಯೋದಾವ ಇವತ್ತು ಬ್ಯಾರೆ ಊರಿನ ಮದುವಿಗೆ ಹೋಗ್ಯಾನ. ಊಟಾ ಮಾಡ್ರಿ, ಎರಡು ಫೋಟೋ ತಗೀರಿ, ಹೋಗ್ರಿ.”

ಊಟ ಆಯಿತು. ಅವನನ್ನು ಒಳಕೋಣೆಯಲ್ಲಿ ಕೂರಿಸಿದರು. ಅದು ಆ ಮನೆಯ ಹಿರಿಯಜ್ಜಿಯ ಕೋಣೆ. ಗೋಡೆಯ ತುಂಬ ಚಿತ್ರಗಳಿದ್ದವು. ನೋಡುತ್ತಾ ಹೋದಂತೆ ಅವನಿಗೆ ಒಂದು ವಿಚಿತ್ರ ಕಂಡಿತು. ಪ್ರತಿಯೊಂದು ಸಮಾರಂಭದ ಚಿತ್ರವೂ ಎರಡೆರಡು ಇತ್ತು. ಅದೇ ಹಂದರ, ಅದೇ ಕುರ್ಚಿ, ನಡುವೆ ಅದೇ ಅಜ್ಜಿ. ಸುತ್ತ ನಿಂತವರು ಮಾತ್ರ ಬೇರೆ.

“ಇದೇನು?” ಎಂದು ಕೇಳಿದ.

ಮನೆಯ ಮಗ ದನಿ ತಗ್ಗಿಸಿದ. ಅಜ್ಜಿಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯವಳು ಚನ್ನವ್ವ, ಇವನ ತಾಯಿ. ಕಿರಿಯವಳು ನೀಲವ್ವ, ಆಚೆ ಓಣಿಯವಳು. ಅಜ್ಜಿ ಇಬ್ಬರನ್ನೂ ತೂಗಿದ ಒಂದು ತೊಟ್ಟಿಲಿತ್ತು. ಅದನ್ನು ಚನ್ನವ್ವ ತನ್ನ ಮನೆಗೆ ತಂದುಕೊಂಡಳು. ನೀಲವ್ವನ ಮಗುವಿಗೆ ಸೀರೆಯ ಜೋಲಿಯಲ್ಲಿ ಹೆಸರಿಟ್ಟರು. ಆ ಮಗುವಿಗೇ ಈಗ ಮೀಸೆ ಬಂದಿದೆ. ಅಕ್ಕ ತಂಗಿ ಮಾತು ಬಿಟ್ಟದ್ದು ಅಂದಿನಿಂದ. ಸಮಾರಂಭಗಳಿಗೆ ಇಬ್ಬರೂ ಬರುತ್ತಾರೆ, ಆದರೆ ಒಬ್ಬಳು ನಿಂತ ಚಿತ್ರದಲ್ಲಿ ಇನ್ನೊಬ್ಬಳು ನಿಲ್ಲುವುದಿಲ್ಲ. ಅದಕ್ಕೇ ಸ್ಟುಡಿಯೋದವನು ಎರಡು ತೆಗೆಯುತ್ತಾನೆ. ಒಂದು ಈ ಮನೆಗೆ, ಒಂದು ಆ ಮನೆಗೆ. ಎರಡರ ಪ್ರತಿಯೂ ಅಜ್ಜಿಗೆ.

“ಅಜ್ಜಿಗೆ ಇಬ್ಬರೂ ಒಂದರಾಗ ಬೇಕು” ಎಂದ ಅವನು. “ಕೇಳಿ ಕೇಳಿ ಬಿಟ್ಟಾಳ.”

ಅಂಗಳದಲ್ಲಿ ಕುರ್ಚಿ ಹಾಕಿದರು. ಹಿಂದೆ ಒಂದು ಕಿರಿದಾದ ಕಟ್ಟೆ. ಅಜ್ಜಿ ಬಂದು ಕೂತಳು. ಛಾಯಾಗ್ರಾಹಕ ಕ್ಯಾಮೆರಾದ ಮೇಲಿನ ಅಂಕಿ ನೋಡಿದ.

“ಎರಡು ಆಗುವುದಿಲ್ಲ” ಎಂದ. “ಒಂದೇ ಉಳಿದಿದೆ.”

“ಉಳಿದದ್ದೆಲ್ಲ ಎಲ್ಲಿ ಹೋತು?”

“ಕೋಟೆ ತೆಗೆದೆ.”

“ಕೋಟಿ ಎಲ್ಲಿ ಓಡಿ ಹೋಗತಿತ್ರೀ?” ಎಂದ ಹಂದರದ ಕೆಳಗಿದ್ದ ಒಬ್ಬ ಮುದುಕ. ಎಲ್ಲರೂ ನಕ್ಕರು. ನಗು ಮುಗಿದ ಮೇಲೆ ಪ್ರಶ್ನೆ ಉಳಿಯಿತು. ಒಂದು ಚಿತ್ರ, ಯಾರು ನಿಲ್ಲಬೇಕು?

ಚನ್ನವ್ವ ಛಾಯಾಗ್ರಾಹಕನ ಕಡೆ ತಿರುಗಿದಳು. “ಹೆಸರಿಟ್ಟದ್ದು ನನ್ನ ಮೊಮ್ಮಗಳಿಗೆ. ಆಕಿಗೆ ಹೇಳ್ರಿ, ನಾನು ನಿಂದರ್ತೀನಿ.”

ನೀಲವ್ವನೂ ಅವನ ಕಡೆಗೇ ತಿರುಗಿದಳು. “ಕುರ್ಚಿಯಾಗ ಕೂತಾಕಿ ನನಗೂ ಅವ್ವ. ಆಕಿಗೆ ಹೇಳ್ರಿ, ನಾನೂ ನಿಂದರ್ತೀನಿ.”

ಅವನು ಅಜ್ಜಿಯ ಕಡೆ ನೋಡಿದ. ಅಜ್ಜಿ ತಲೆಯೆತ್ತಿ ಕೇಳಿದಳು: “ಎಷ್ಟು ಮಂದಿ ಹಿಡಿಸ್ತಾರಪ್ಪಾ ಅದರಾಗ?”

“ಹತ್ತಿರ ನಿಂತರೆ ಎಲ್ಲರೂ.”

ಬಿಟ್ಟುಕೊಡಲು ಇಬ್ಬರಿಗೂ ಮನಸ್ಸಿಲ್ಲ. ಬಿಟ್ಟುಕೊಡದೆ ಇರಬೇಕಾದರೆ ಜೊತೆಗೆ ನಿಲ್ಲದೆ ದಾರಿಯಿಲ್ಲ. ಇಬ್ಬರೂ ಕಟ್ಟೆ ಹತ್ತಿ ತಾಯಿಯ ಹಿಂದೆ ನಿಂತರು. ನಡುವೆ ಒಬ್ಬಾಳು ಹಾಯುವಷ್ಟು ಜಾಗ. ಅಲ್ಲಿಂದ ಹಿಂದಿನ ಕಿಟಕಿಯ ಗಾಜಿನ ಮೇಲೆ ಬಿದ್ದ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು.

“ಸ್ವಲ್ಪ ಸೇರಿ. ಕಿಟಕಿ ಕಾಣುತ್ತಿದೆ.”

“ನಾ ಇಲ್ಲೇ ಸರಿ” ಎಂದಳು ಚನ್ನವ್ವ.

“ನೀವು ಸರಿಯಿದ್ದೀರಿ ತಾಯಿ. ಚಿತ್ರ ಸರಿಯಿಲ್ಲ.”

ಅವಳು ಸರಿದಳು. ಇವಳೂ ಸರಿದಳು. ಕಿಟಕಿ ಮುಚ್ಚಿತು. ಅವನು ಗುಂಡಿ ಒತ್ತಿದ.

ಅಷ್ಟೇ. ಇಬ್ಬರೂ ಕಟ್ಟೆಯ ಎರಡು ತುದಿಯಿಂದ ಇಳಿದು ಎರಡು ಕಡೆಗೆ ಹೋದರು. ಬದಲಾದದ್ದು ಏನೂ ಕಾಣಲಿಲ್ಲ. ಅವನು ಹೊರಟಾಗ ಅಜ್ಜಿ ಕೈ ಹಿಡಿದು ನಿಲ್ಲಿಸಿದಳು.

“ಇಬ್ಬರೂ ಕೂಡಿ ನಿಂತಿದ್ರೇನು?”

“ನಿಂತಿದ್ದರು ಅಜ್ಜಿ.”

“ನನಗ ಕಾಣಲಿಲ್ಲ. ಅವರು ಬೆನ್ನ ಹಿಂದ, ನಾ ಮುಂದ. ಲಗೂನ ತಂದುಕೊಡು. ನೋಡಬೇಕು.”

ತರುತ್ತೇನೆ ಎಂದು ಮಾತು ಕೊಟ್ಟು ಬಂದ.

ಮರುವಾರ ಬಚ್ಚಲುಮನೆಯ ಕಿಟಕಿಗೆ ಕಂಬಳಿ ಕಟ್ಟಿ ಅವನು ಫಿಲ್ಮು ತೊಳೆದ. ಒಣಗಿಸಿ ಬೆಳಕಿಗೆ ಹಿಡಿದ. ಕೋಟೆ ಚೆನ್ನಾಗಿ ಬಂದಿತ್ತು. ಒಂದೊಂದು ಕಲ್ಲೂ ಎಣಿಸುವಷ್ಟು ಸ್ಪಷ್ಟ. ತುದಿಯ ಚಿತ್ರಕ್ಕೆ ಬಂದ. ಅಜ್ಜಿ ಇದ್ದಳು. ಚನ್ನವ್ವ ಇದ್ದಳು. ಅವಳ ತೋಳಿನ ಪಕ್ಕದಲ್ಲಿ ಫಿಲ್ಮು ಮುಗಿದುಹೋಗಿತ್ತು.

ಕೈಯಳತೆ ಬೆರಳಗಲ ತಪ್ಪಿತ್ತು. ನೀಲವ್ವ ನಿಂತ ಜಾಗದಲ್ಲಿ ಫಿಲ್ಮೇ ಇರಲಿಲ್ಲ.

ಕೆಡುವುದಿದ್ದರೆ ಪೂರ್ತಿ ಕೆಡಬಾರದಿತ್ತೇ ಎಂದುಕೊಂಡ. ಈಗ ಇದು ಆ ಗೋಡೆಯ ಮೇಲಿನ ಹಳೆಯ ಚಿತ್ರಗಳಂತೆಯೇ ಆಗಿತ್ತು. ಒಬ್ಬಳಿದ್ದಾಳೆ, ಒಬ್ಬಳಿಲ್ಲ. ಇದನ್ನು ನೋಡಿದರೆ ನೀಲವ್ವ ಏನೆಂದಾಳು? ಬೇಕೆಂದೇ ಬಿಟ್ಟರು ಎನ್ನುವುದಿಲ್ಲವೇ? ಜಗಳ ಇನ್ನಷ್ಟು ಬೆಳೆಯುವುದಿಲ್ಲವೇ? ಮುದುಕಿಗೆ ಏನು ಹೇಳುವುದು?

ಅವನು ಹೋಗಲಿಲ್ಲ. ರಜೆಯ ದಿನ ಬಂದರೆ ತೆಂಕಣ ದಿಕ್ಕಿನ ಬಸ್ಸು ಹತ್ತುತ್ತಿದ್ದ. ಅಲ್ಲಿ ತೆಗೆದ ಕೆರೆಗಳು ಅವನಿಗೆ ಹಿಡಿಸಲಿಲ್ಲ. ಮಂಟಪಗಳೂ ಹಿಡಿಸಲಿಲ್ಲ. ಅಂಗಡಿಯಲ್ಲಿ ವಯಸ್ಸಾದ ಹೆಂಗಸರು ಕನ್ನಡಕ ಹಾಕಿಕೊಂಡು “ಈಗ ಕಾಣ್ತದ” ಎಂದಾಗ ಮುಖ ತಗ್ಗಿಸುತ್ತಿದ್ದ.

“ಆ ಊರಿಗೆ ಬಸ್ಸು ನಿಂತುಹೋಗಿದೆಯೇ?” ಎಂದಳು ಹೆಂಡತಿ ಒಂದು ದಿನ.

“ಹೋಗಿ ಏನು ಮುಖ ತೋರಿಸಲಿ?”

“ಇರುವ ಮುಖವನ್ನೇ ತೋರಿಸಿ. ಬೇರೆ ಎಲ್ಲಿಂದ ತರುತ್ತೀರಿ?”

ದಸರೆಯ ಹೊತ್ತಿಗೆ ಅವನು ಗಟ್ಟಿ ಮನಸ್ಸು ಮಾಡಿದ. ಆ ಅರ್ಧ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ, ಕಾಗದದಲ್ಲಿ ಸುತ್ತಿ, ಹೊರಟ. ಹೊಸ ರೀಲನ್ನು ಈ ಸಲ ಅಂಗಡಿಯಲ್ಲೇ ಕೊಂಡ. ದಾರಿಯುದ್ದಕ್ಕೂ ಬೈಗುಳಕ್ಕೆ ಸಿದ್ಧನಾಗುತ್ತಾ ಹೋದ. ಮೊದಲು ಅಜ್ಜಿಗೆ ತೋರಿಸಿ ತಪ್ಪೊಪ್ಪಿಕೊಳ್ಳುವುದು. ಆಮೇಲೆ ಆಚೆ ಓಣಿಗೆ ತಾನೇ ಹೋಗಿ ನೀಲವ್ವನ ಕೈಹಿಡಿದು ಕೇಳಿಕೊಳ್ಳುವುದು.

ಆಚೆ ಓಣಿಗೆ ಹೋಗಬೇಕಾಗಲಿಲ್ಲ. ಅಂಗಳದ ಕಟ್ಟೆಯ ಮೇಲೆ ಇಬ್ಬರು ಹೆಂಗಸರು ಒಂದೇ ಮೊರ ಇಟ್ಟುಕೊಂಡು ಜೋಳ ಹಸನು ಮಾಡುತ್ತಿದ್ದರು. ಒಬ್ಬಳು ಚನ್ನವ್ವ. ಇನ್ನೊಬ್ಬಳನ್ನು ನೋಡಿ ಅವನು ಅಂಗಳದಲ್ಲೇ ನಿಂತ.

“ಬಂದಾ ನೋಡು” ಎಂದಳು ಚನ್ನವ್ವ. “ಕೋಟಿ ಸಾಹೇಬ.”

“ಬಸ್ಸಿನಾಗ ಬಂದ್ರೋ, ನಡಕೋಂತ ಬಂದ್ರೋ?” ಎಂದಳು ನೀಲವ್ವ. “ಶ್ರಾವಣದಾಗ ಹೋದಾವ್ರು.”

ಅವನಿಗೆ ಏನೂ ತಿಳಿಯಲಿಲ್ಲ. ಬಾಗಿಲಲ್ಲಿ ಕೂತಿದ್ದ ಅಜ್ಜಿ ಹೇಳಿದಳು.

“ಮೊದಲೆಲ್ಲಾ ಎರಡು ಫೋಟೋ. ನೀಲವ್ವಂದು ಆಕಿ ಮನಿಗೆ ಹೋಗತಿತ್ತು. ಈ ಸಲ ಒಂದಽ. ಅದು ಇಲ್ಲಿಗೇ ಬರಬೇಕು. ಬಂತೇನು ಅಂತ ಕೇಳಾಕ ಬರ್ತಿದ್ಲು. ಈಕಿ ಬಾಗಿಲಾಗ ನಿಂತು ‘ಬಂದಿಲ್ಲ’ ಅಂತಿದ್ಲು. ಆಕಿ ಹೊಳ್ಳಿ ಹೋಗತಿದ್ಲು. ಒಮ್ಮೆ ಬಿಸಲಿತ್ತು. ‘ಬಂದಿಲ್ಲ, ನೀರು ಕುಡದು ಹೋಗು’ ಅಂದ್ಲು. ಆಮ್ಯಾಲೆ ಇಬ್ಬರೂ ಕೂಡಿ ನಿನ್ನ ಬೈಯಾಕ ಸುರು ಮಾಡಿದ್ರು. ಬೈಯಾಕ ಕೂತ ಮ್ಯಾಲೆ ಚಾ ಬೇಕಲ್ಲ.”

“ಬೈದದ್ದೇನು ಸುಳ್ಳಽ?” ಎಂದಳು ನೀಲವ್ವ. “ಎಲ್ಲಿ, ತಗೀರಿ ಫೋಟೋ.”

ಅವನು ಕಾಗದ ಬಿಚ್ಚಿ ಕೊಟ್ಟು, “ತಪ್ಪು ನನ್ನದು. ಫಿಲ್ಮು ಸಾಲಲಿಲ್ಲ. ಬೇಕೆಂದು ಬಿಟ್ಟದ್ದಲ್ಲ” ಎಂದ.

ಇಬ್ಬರೂ ಬಾಗಿ ನೋಡಿದರು.

“ನಾ ಎಲ್ಲಿ?” ಎಂದಳು ನೀಲವ್ವ.

“ನಿನ್ನ ಕೈ ಬಂದೈತಲ್ಲ” ಎಂದಳು ಚನ್ನವ್ವ.

ಅವನೂ ಬಾಗಿ ನೋಡಿದ. ಚಿತ್ರದ ಅಂಚಿನಲ್ಲಿ ಚನ್ನವ್ವನ ತೋಳನ್ನು ನಾಲ್ಕು ಬೆರಳು ಹಿಡಿದಿದ್ದವು. ಒಂದು ಬಳೆಯ ತುಣುಕೂ ಇತ್ತು. ತೆಗೆಯುವಾಗ ಅದು ಅವನ ಕಣ್ಣಿಗೆ ಬಿದ್ದಿರಲಿಲ್ಲ. ತೊಳೆದಾಗಲೂ, ಮುದ್ರಿಸಿದಾಗಲೂ ಅವನು ಕಂಡದ್ದು ಇಲ್ಲದ ನೀಲವ್ವನನ್ನು ಮಾತ್ರ.

“ಹೆಂಗ ಹಿಡದಾಳ ನೋಡ್ರಿ, ಪೊಲೀಸರ ಹಂಗ” ಎಂದಳು ಚನ್ನವ್ವ.

“ಕಟ್ಟಿ ಸಣ್ಣದಿತ್ತು. ನಾ ಬಿದ್ದಿದ್ರ ನೀ ಎತ್ತತಿದ್ದೇನು?”

“ನೀ ಹಿಡಕೊಂಡಿದ್ದಿಯಲ್ಲ, ನಾನೂ ಕೂಡೇ ಬೀಳತಿದ್ದೆ.”

ನೀಲವ್ವ ನಗು ತಡೆಯಲು ನೋಡಿದಳು. ಆಗಲಿಲ್ಲ.

ಛಾಯಾಗ್ರಾಹಕ ಕ್ಯಾಮೆರಾ ತೆಗೆದ. “ಈ ಸಲ ರೀಲು ತುಂಬ ಇದೆ. ಎರಡು ಬೇಕಾದರೂ ತೆಗೆಯುತ್ತೇನೆ.”

“ಎರಡ್ಯಾಕ?” ಎಂದಳು ನೀಲವ್ವ. “ಕೋಟಿಗೆ ಬ್ಯಾಡೇನು?”

ಜೋಳದ ಹೊಟ್ಟು ಮೈಮೇಲೆ ಇದ್ದಂತೆಯೇ ಇಬ್ಬರೂ ಕಟ್ಟೆಯ ಮೇಲೆ ನಿಂತರು. ಅವನು ಒಳಗಿನಿಂದ ಕುರ್ಚಿ ತಂದು, ಕಟ್ಟೆಯ ಮುಂದೆ ಹಾಕಿ, ಅಜ್ಜಿಯನ್ನು ಕರೆದ. ಅಜ್ಜಿ ಅಲ್ಲಿ ಕೂರಲಿಲ್ಲ.

“ಈಕಡೆ ಹಾಕು, ನಿನ್ನ ಬಾಜೂಕ. ಆಮ್ಯಾಲೆ ಅಲ್ಲಿ ಕೂಡ್ತೀನಿ.”

ಅವನು ಕುರ್ಚಿಯನ್ನು ಕ್ಯಾಮೆರಾದ ಪಕ್ಕಕ್ಕೆ ತಂದ. ಅಜ್ಜಿ ಕೂತು, ಸೆರಗಿನಿಂದ ಕಣ್ಣೊರೆಸಿಕೊಂಡು, ಎದುರಿಗೆ ನೋಡಿದಳು. ಕಟ್ಟೆಯ ಮೇಲೆ ಅಕ್ಕ ತಂಗಿ ಯಾರ ತಲೆಗೆ ಎಷ್ಟು ಹೊಟ್ಟು ಹತ್ತಿದೆ ಎಂದು ವಾದ ಮಾಡುತ್ತಿದ್ದರು. ಅವನು ಎಲ್ಲ ಹೊಂದಿಸಿಕೊಂಡು ಗುಂಡಿಯ ಮೇಲೆ ಬೆರಳಿಟ್ಟ.

“ತೆಗೆಯಲೇ ಅಜ್ಜಿ?”

“ತಡಿಯಪ್ಪಾ” ಎಂದಳು ಅಜ್ಜಿ. “ನೋಡಾಕತ್ತೀನಿ.”

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನ ಮುಖ ಸ್ವಲ್ಪ ತಿಳಿಯಾಗಿತ್ತು. ಆದರೂ ಅವನ ಅನುಮಾನ ಪೂರ್ತಿ ಹೋಗಿರಲಿಲ್ಲ. “ಗುರುಗಳೇ, ಅವನ ಅದೃಷ್ಟ ಚೆನ್ನಾಗಿತ್ತು. ಕೆಟ್ಟುಹೋದ ಕೆಲಸದಿಂದ ಎಲ್ಲರಿಗೂ ಹೀಗೆ ಏನಾದರೂ ಉಳಿಯುತ್ತದೆ ಎಂದು ಹೇಗೆ ತಿಳಿಯುವುದು?” ಎಂದು ಕೇಳಿದ.

ಗುರುಗಳು ಹೇಳಿದರು: “ಶಾಲೆಗೆ ಬೀಗ ಬಿದ್ದ ಮೇಲೆ ನೀನು ಆ ಓಣಿಗೆ ಒಮ್ಮೆಯಾದರೂ ಹೋಗಿದ್ದೀಯಾ?”