ಹಿಮಬಂಡಿ ಆರಿಸಿಕೊಂಡ ಪಾದಗಳು

ಬೆಟ್ಟದ ಹಿಮದ ಮೇಲೆ ಓಡುವ ಮೋಟಾರು ಬಂಡಿಯೊಂದಕ್ಕೆ ತನ್ನ ಮುಂಗಾಲಿನಲ್ಲಿದ್ದ, ಹಿಮದ ಮೇಲೆ ಜಾರುವ ಸ್ಕೀ ಪಟ್ಟಿಗಳನ್ನು ಕಂಡರೆ ನಾಚಿಕೆ. ಗೀರುಬಿದ್ದು, ಬಾತುಕೋಳಿಯ ಪಾದದಂತೆ ಅಗಲವಾಗಿದ್ದವು. ಅಂಗಡಿಗೆ ಹೋಗಿ ಥಳಥಳಿಸುವ ಕಿರಿದಾದ ಜೋಡಿಯನ್ನು, “ಚೆನ್ನಾಗಿ ತಿರುಗುತ್ತೀರಾ?” ಎಂದು ಕೇಳಿತು. ಹಾಕಿಸಿಕೊಂಡು, ತುಳಿದು ಗಟ್ಟಿಯಾದ ಅಂಗಳದಲ್ಲಿ ಓಡಿಸಿ ನೋಡಿತು. ಚಕ್ಕನೆ ತಿರುಗಿದವು.

“ಅಂಗಳ ನೋಡಿ ಮೋಸಹೋಗಬೇಡ. ಬೆಟ್ಟದ ಮೇಲಿರುವುದು ಹಿಟ್ಟಿನಂಥ ಹಿಮ,” ಎಂದವು ಮೂಲೆಗೆ ಬಿದ್ದ ಹಳೆಯ ಪಟ್ಟಿಗಳು.

“ನಿಮ್ಮ ಹೊಟ್ಟೆಕಿಚ್ಚು ಸಾಕು!” ಎಂದ ಬಂಡಿ, ಸವಾರನನ್ನು ಹೊತ್ತು ಬೆಟ್ಟ ಹತ್ತಿತು.

ಎದೆಮಟ್ಟದ ಹೊಸ ಹಿಮ ಸಿಕ್ಕಿದ್ದೇ ತಡ, ಕಿರಿದಾದ ಪಟ್ಟಿಗಳು ಚಾಕುವಿನಂತೆ ಒಳಗಿಳಿದವು. ಬಂಡಿ ಮೂತಿಯವರೆಗೆ ಹೂತುಹೋಯಿತು. ಸವಾರ ಇಳಿದು, ತೋಡಿ ತೋಡಿ ಸೋತು, ನಡೆದೇ ಹೊರಟ. ಸ್ವಲ್ಪ ದೂರದಲ್ಲೇ ಅವನ ಟೋಪಿಯೂ ಕಾಣದಾಯಿತು.

“ನನ್ನನ್ನು ಮೇಲೆತ್ತಿ!” ಎಂದು ಬಂಡಿ ತನ್ನ ಪಟ್ಟಿಗಳನ್ನು ಗೋಗರೆಯಿತು.

“ನೀನು ತಿರುಗುತ್ತೀರಾ ಎಂದಷ್ಟೇ ಕೇಳಿದ್ದೆ. ತಿರುಗಿದೆವಲ್ಲ,” ಎಂದವು ಹೊಸ ಪಟ್ಟಿಗಳು.

ಬಂಡಿ ಹಿಮವನ್ನು ಬೇಡಿತು. “ನೀನಾದರೂ ದಾರಿ ಬಿಡು.”

“ಓಡಬೇಕಾದದ್ದು ನನ್ನ ಮೇಲೆ. ಆರಿಸುವಾಗ ನನ್ನನ್ನೊಂದು ಮಾತು ಕೇಳಿದೆಯಾ?” ಎಂದ ಹಿಮ, ಉರಿಯುತ್ತಿದ್ದ ಅದರ ದೀಪವನ್ನೂ ಮುಚ್ಚಿತು.