ಎಡಗಡೆಯ ಬೋರ್ಡು

‘ಗುರುಗಳೇ, ಸಿಬ್ಬಂದಿ ವಾರ್ತೆಯಲ್ಲಿ ನಮ್ಮ ಹೆಸರು ಬರಬೇಕಾದರೆ ಏನು ಮಾಡಬೇಕು?’ ಎಂದು ರೇವಣಸಿದ್ಧ ಕೇಳಿದ.

ಕೇಳಿದ್ದು ಸರಿಯಾದ ಮನುಷ್ಯನನ್ನೇ. ನಮ್ಮ ಕೃಷಿ ವಿಶ್ವವಿದ್ಯಾಲಯದ ವಿಸ್ತರಣಾ ವಿಭಾಗ ತಿಂಗಳಿಗೊಮ್ಮೆ ಹೊರಡಿಸುವ ಆ ಪತ್ರಿಕೆಯಲ್ಲಿ ನನ್ನ ಹೆಸರಿಲ್ಲದ ಸಂಚಿಕೆಯೇ ಇಲ್ಲ. ಇದು ಸುಳ್ಳು. ನನ್ನ ಹೆಸರು ಬಂದದ್ದು ಒಂದೇ ಸಲ, ಅದೂ ನಿವೃತ್ತರಾದವರ ಸಾಲಿನಲ್ಲಿ. ಆಗ ನಾನು ನಿವೃತ್ತನಾಗಿರಲಿಲ್ಲ, ಈಗಲೂ ಆಗಿಲ್ಲ. ಅಚ್ಚಿನ ತಪ್ಪು. ಅದನ್ನು ತಿದ್ದಬೇಕೆಂದು ನನ್ನನ್ನು ಬಿಟ್ಟು ಬೇರೆ ಯಾರಿಗೂ ಅನಿಸಲಿಲ್ಲ. ಇಬ್ಬರಂತೂ ಹಾರ ತಂದಿದ್ದರು.

ರೇವಣಸಿದ್ಧ ನಮ್ಮ ಕೇಂದ್ರಕ್ಕೆ ಹೊಸದಾಗಿ ಬಂದವನು. ರೈತರಿಗೆ ತಿಳಿಸಿಕೊಡುವ ಕೆಲಸವನ್ನು ನನ್ನಿಂದ ಕಲಿಯಬಹುದೆಂದು ನಂಬಿದ್ದಾನೆ. ನನ್ನನ್ನು ಗುರುಗಳೇ ಎನ್ನುವವನು ಅವನೊಬ್ಬನೇ. ಉಳಿದವರು ಏನೆನ್ನುತ್ತಾರೆಂಬುದನ್ನು ಇಲ್ಲಿ ಬರೆಯುವಂತಿಲ್ಲ. ಆ ಬೆಳಿಗ್ಗೆ ಹೊಸ ಸಂಚಿಕೆ ಬಂದಿತ್ತು. ಯಾರಿಗೆ ಬಡ್ತಿಯಾಯಿತು, ಯಾರು ಯಾವ ತರಬೇತಿಗೆ ಹೋದರು, ಯಾರಿಗೆ ಬಹುಮಾನ ಬಂತು, ಎಲ್ಲವೂ ಫೋಟೋ ಸಮೇತ. ಓದಿದವನ ಮುಖ ಇಳಿದಿತ್ತು. ನಾವು ಕೇಂದ್ರದ ಗೇಟಿನ ಎದುರಿನ ಹೋಟೆಲಿನಲ್ಲಿ ಕುಳಿತಿದ್ದೆವು.

‘ಒಂದು ಕತೆ ಹೇಳುತ್ತೇನೆ’ ಎಂದೆ. ‘ಇದರಲ್ಲಿ ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲು ಯಾವುದೆಂದು ಕೇಳಬೇಡ. ನನಗೂ ಈಗ ನೆನಪಿಲ್ಲ.’

ಹೇಳಿದ ಕತೆ ಇದು.

ಒಂದು ಕೇಂದ್ರದಲ್ಲಿ ಒಬ್ಬ ವಿಸ್ತರಣಾಧಿಕಾರಿ ಇದ್ದಳು. ಹೆಸರು ಬೇಡ, ಹೇಳಿದರೆ ನಾಳೆಯೇ ಬಂದು ನನ್ನ ಕಿವಿ ಹಿಂಡುತ್ತಾಳೆ. ವಿಶ್ವವಿದ್ಯಾಲಯದಲ್ಲಿ ಕಂಡುಕೊಂಡದ್ದನ್ನು ಹೊಲದವರೆಗೆ ಮುಟ್ಟಿಸುವುದು ಆಕೆಯ ಕೆಲಸ. ಆಕೆಗೆ ಒಂದು ಆಸೆ ಇತ್ತು. ಹೈದರಾಬಾದಿನಲ್ಲಿ, ಕಲಿಸುವವರಿಗೇ ಕಲಿಸುವ ದೊಡ್ಡ ತರಬೇತಿಯೊಂದು ನಡೆಯುತ್ತಿತ್ತು. ಅದಕ್ಕೆ ಹೋಗಬೇಕು. ಅಲ್ಲಿಗೆ ಹೋಗಿ ಬಂದರೆ ಬಡ್ತಿ ಸಿಗುತ್ತದೆಂದು ಉಳಿದವರು ಹೋಗುತ್ತಿದ್ದರು. ಆಕೆಗೂ ಬಡ್ತಿ ಬೇಡವೆಂದಿರಲಿಲ್ಲ. ಆದರೆ ಅದಕ್ಕಿಂತ ಹೆಚ್ಚಾಗಿ ಒಂದು ಸಂಗತಿ ತಿಳಿಯಬೇಕಿತ್ತು. ಹೇಳಿದ ಅದೇ ಮಾತು ಒಬ್ಬನ ಹೊಲದಲ್ಲಿ ಬೇರು ಬಿಡುತ್ತದೆ, ಇನ್ನೊಬ್ಬನ ಕಿವಿಯಲ್ಲೇ ಒಣಗಿ ಹೋಗುತ್ತದೆ. ಅದು ಯಾಕೆ? ಹಿಂದೆಯೂ ಆಕೆಯ ಹೆಸರು ಮೇಲಿನವರಿಗೆ ಹೋಗಿ ಹಾಗೆಯೇ ವಾಪಸು ಬಂದಿತ್ತು. ಈ ಸಲ ತಪ್ಪಿದರೆ ವಯಸ್ಸಿನ ಮಿತಿ ದಾಟುತ್ತಿತ್ತು. ಆಮೇಲೆ ಕೇಳುವ ಹಾಗೂ ಇರಲಿಲ್ಲ.

ವಿಭಾಗದ ನಿರ್ದೇಶಕರು ಹೇಳಿದರು: ‘ಯಾರ ಪ್ರಾತ್ಯಕ್ಷಿಕೆಯಲ್ಲಿ ವ್ಯತ್ಯಾಸ ಚೆನ್ನಾಗಿ ಕಾಣುತ್ತದೋ ಅವರನ್ನು ಈ ಸಲ ಕಳಿಸುತ್ತೇವೆ.’

ಪ್ರಾತ್ಯಕ್ಷಿಕೆ ಎಂದರೇನೆಂದು ನಿನಗೆ ಗೊತ್ತು. ಆದರೂ ಹೇಳುತ್ತೇನೆ, ಹೇಳದಿದ್ದರೆ ಕತೆ ಬೇಗ ಮುಗಿಯುತ್ತದೆ. ಒಬ್ಬ ರೈತನ ಹೊಲವನ್ನು ನಡುವೆ ಗೆರೆ ಎಳೆದು ಎರಡು ಮಾಡುತ್ತೇವೆ. ಬಲಗಡೆ ನಾವು ಹೇಳಿದ ಹಾಗೆ ಬೆಳೆಯಬೇಕು. ಅಲ್ಲಿ ‘ಸುಧಾರಿತ ಪದ್ಧತಿ’ ಎಂಬ ಬೋರ್ಡು. ಎಡಗಡೆ ಅವನು ಮೊದಲಿನಿಂದ ಬೆಳೆಯುತ್ತ ಬಂದ ಹಾಗೆಯೇ ಬೆಳೆಯಬೇಕು. ಅಲ್ಲಿ ‘ರೈತರ ಪದ್ಧತಿ’ ಎಂಬ ಬೋರ್ಡು. ಬೆಳೆ ತುಂಬಿ ನಿಂತಾಗ ಸುತ್ತಲಿನ ಊರಿನವರನ್ನು ಕರೆದು ಕ್ಷೇತ್ರೋತ್ಸವ ಮಾಡುತ್ತೇವೆ. ಬಂದವರು ಎರಡನ್ನೂ ನೋಡಿ, ಬಲಗಡೆಯದನ್ನು ಮನಸ್ಸಿನಲ್ಲಿಟ್ಟುಕೊಂಡು ಮನೆಗೆ ಹೋಗುತ್ತಾರೆಂದು ನಮ್ಮ ನಂಬಿಕೆ.

ಆಕೆ ಒಬ್ಬ ರೈತನನ್ನು ಆರಿಸಿಕೊಂಡಳು. ವಯಸ್ಸಾದವನು. ಬೆಳೆ ತೊಗರಿ. ಕಲಿಸಬೇಕಾದದ್ದು ಕುಡಿ ಚಿವುಟುವುದು. ಗಿಡ ಎಳೆಯದಾಗಿರುವಾಗಲೇ ನೆತ್ತಿಯ ಕುಡಿಯನ್ನು ಉಗುರಿನಿಂದ ಚಿವುಟಿ ಹಾಕಿದರೆ, ಅದು ಮೇಲಕ್ಕೆ ಓಡುವುದನ್ನು ಬಿಟ್ಟು ಪಕ್ಕಕ್ಕೆ ಕವಲೊಡೆಯುತ್ತದೆ. ಕವಲು ಹೆಚ್ಚಿದರೆ ಕಾಯಿ ಹೆಚ್ಚು.

ರೈತ ಒಪ್ಪಲಿಲ್ಲ. ‘ಬೆಳಿಯೋ ಕುಡಿ ಚಿವುಟೂದು ಅಂದ್ರ ಹ್ಯಾಂಗ್ರಿ ಅಕ್ಕೋರ? ಆಡೋ ಕೂಸಿನ ನೆತ್ತಿಗಿ ಮೊಟಕಿದಂಗ ಆಗ್ತದ’ ಎಂದ.

ಆಕೆ ವಾದ ಮಾಡಲಿಲ್ಲ. ನಾನಾಗಿದ್ದರೆ ಅಲ್ಲೇ ಭಾಷಣ ಹಚ್ಚಿ, ಅವನು ತೊಗರಿ ಬೆಳೆಯುವುದನ್ನೇ ಬಿಡುವಂತೆ ಮಾಡುತ್ತಿದ್ದೆ. ಬದುವಿನ ಮೇಲೆ ಜೋಡಿ ತೊಗರಿ ಗಿಡಗಳು ತಾವಾಗಿ ಹುಟ್ಟಿದ್ದವು, ಹೊಲದ ಬೆಳೆಗಿಂತ ಮೊದಲೇ ಮೇಲೆದ್ದಿದ್ದವು. ಆಕೆ ಒಂದರ ಕುಡಿ ಚಿವುಟಿದಳು. ಇನ್ನೊಂದನ್ನು ಹಾಗೇ ಬಿಟ್ಟಳು. ‘ನೋಡಕೋತ ಇರ್ರಿ ಕಾಕಾ, ಮತ್ತ ಬರ್ತೀನಿ’ ಎಂದು ಹೊರಟಳು.

ಮತ್ತೆ ಬಂದಳು. ಆ ಗಿಡಗಳ ಮಾತನ್ನೇ ಎತ್ತಲಿಲ್ಲ. ಅವನ ಎತ್ತಿಗೆ ಕಾಲು ನೋಯುತ್ತಿತ್ತು, ಅದನ್ನು ವಿಚಾರಿಸಿದಳು. ಹೆಂಡತಿ ಕೊಟ್ಟ ರೊಟ್ಟಿ ತಿಂದಳು. ಹೋದಳು. ಹೀಗೇ ಬರುವುದು, ಹೋಗುವುದು. ಅಷ್ಟರಲ್ಲಿ ಬದುವಿನ ಮೇಲೆ ಚಿವುಟಿದ ಗಿಡ ಪೊದೆಯಂತೆ ಹರಡಿಕೊಂಡಿತು, ಚಿವುಟದ್ದು ಕೋಲಿನಂತೆ ನಿಂತಿತು. ಒಂದು ದಿನ ರೈತ ತಾನಾಗಿಯೇ, ‘ಬಲಗಡಿ ಚಿವುಟತೀನ್ರಿ’ ಎಂದ.

‘ಬಲಗಡಿ ಅಷ್ಟೇ ಕಾಕಾ. ಎಡಗಡಿ ಮುಟ್ಟಬ್ಯಾಡ್ರಿ’ ಎಂದಳು.

ಅವನು ತಲೆಯಾಡಿಸಿದ. ನಮ್ಮ ಕಡೆ ರೈತ ತಲೆಯಾಡಿಸಿದರೆ ಒಪ್ಪಿದ ಎಂದೂ ಆಗಬಹುದು, ಬರೀ ಕೇಳಿಸಿತು ಎಂದೂ ಆಗಬಹುದು. ಇದನ್ನು ಯಾವ ತರಬೇತಿಯಲ್ಲೂ ಹೇಳಿಕೊಡುವುದಿಲ್ಲ.

ಆಮೇಲೆ ಆಕೆಯನ್ನು ಬೇರೆ ತಾಲ್ಲೂಕಿನ ಕೆಲಸಕ್ಕೆ ಹಾಕಿದರು. ಆ ಕಡೆ ಬರಲಾಗಲಿಲ್ಲ. ಕ್ಷೇತ್ರೋತ್ಸವದ ಹಿಂದಿನ ಮಧ್ಯಾಹ್ನ ಕೇಂದ್ರದ ಜೀಪಿನಲ್ಲಿ ಬಂದು ಇಳಿದಳು. ಬಲಗಡೆ ನೋಡಿದಳು. ಕಾಯಿಯ ಭಾರಕ್ಕೆ ಗಿಡಗಳು ಬಾಗಿದ್ದವು. ಎಡಗಡೆ ನೋಡಿದಳು. ಅಲ್ಲೂ ಬಾಗಿದ್ದವು. ಬೋರ್ಡುಗಳು ಮಾತ್ರ ಬೇರೆ ಬೇರೆ.

ರೈತನನ್ನು ಕರೆದಳು. ‘ಕಾಕಾ, ಎಡಗಡಿ ಮುಟ್ಟಬ್ಯಾಡ ಅಂದಿದ್ನಲ್ರಿ.’

‘ಅಂದಿದ್ರಿ. ಆದ್ರ ಬಲಗಡಿ ಕವಲು ಒಡಿಯೂದು ನೋಡಿದ ಮ್ಯಾಲ ಎಡಗಡಿ ಬಿಟ್ಟು ಮನಿಗಿ ಹ್ಯಾಂಗ ಹೋಗ್ಲಿ ಹೇಳ್ರಿ. ಅದೂ ನಂದೇ ಹೊಲ ಅದ ಅಕ್ಕೋರ.’

ಅಧಿಕಾರಿ ಬದುವಿನ ಮೇಲೆ ಕುಳಿತಳು. ಕಲಿಸಿದ್ದು ಕೈಗೂಡಿತ್ತು. ಅದೇ ಕಾರಣಕ್ಕೆ ಹೈದರಾಬಾದು ಕೈತಪ್ಪುತ್ತಿತ್ತು.

ಜೀಪಿನ ಡ್ರೈವರ್ ಇಂಥ ಹೊಲಗಳನ್ನು ಬಹಳ ಕಂಡವನು. ಪಕ್ಕದ ಹೊಲದತ್ತ ಕೈ ತೋರಿಸಿದ. ಅಲ್ಲಿಯದೂ ತೊಗರಿಯೇ. ಕುಡಿ ಚಿವುಟದ್ದು, ಬಡಕಲಾಗಿ ಉದ್ದಕ್ಕೆ ಬೆಳೆದಿತ್ತು. ‘ಮೇಡಂ, ಎಡಗಡಿ ಬೋರ್ಡು ಕಿತ್ತು ಬದುವಿನ ಆಚಿ ನೆಟ್ರ ಮುಗೀತು. ನಾಳಿ ಯಾರು ಪಹಣಿ ಹಿಡಕೊಂಡು ಬರ್ತಾರ? ಸಾಹೇಬ್ರಿಗಿ ಬೋರ್ಡು ಕಂಡ್ರ ಸಾಕು’ ಎಂದ.

ಆಕೆ ಎದ್ದು ಬೋರ್ಡು ಕಿತ್ತಳು. ಹೌದು, ಕಿತ್ತಳು. ಹೊತ್ತುಕೊಂಡು ಬದು ದಾಟಿದಳು. ಅಲ್ಲಿ ಆ ಹೊಲದ ಒಡತಿ ಬಗ್ಗಿ ಹುಲ್ಲು ಕೊಯ್ಯುತ್ತಿದ್ದಳು. ಬೋರ್ಡು ಹೊತ್ತು ಬಂದವರನ್ನು ಕಂಡು ಕುಡುಗೋಲು ಕೆಳಗಿಟ್ಟಳು.

‘ನಾಳಿ ನಾನೂ ಬರ್ತೀನ್ರಿ ಅಕ್ಕೋರ. ನೋಡಿದವರಿಗಿ ಊಟ ಅದ ಅಂತಲ್ಲ, ಖರೇ ಏನು?’

ಅಧಿಕಾರಿಗೆ ಮರುದಿನ ಕಣ್ಣ ಮುಂದೆ ಬಂತು. ಸುತ್ತಲಿನ ಊರಿನವರೆಲ್ಲ ಈ ಹೆಂಗಸಿನ ಬೆಳೆಯ ಎದುರು ನಿಲ್ಲುತ್ತಾರೆ. ತಿಳಿಯದವರು ಹೀಗೆ ಬೆಳೆಯುತ್ತಾರೆ ನೋಡಿ ಎಂದು ತಾನು ಮೈಕು ಹಿಡಿದು ಹೇಳಬೇಕು. ಆ ಗುಂಪಿನಲ್ಲಿ ಈಕೆಯೂ ನಿಂತಿರುತ್ತಾಳೆ, ಊಟಕ್ಕೆಂದು ಒಳ್ಳೆಯ ಸೀರೆ ಉಟ್ಟುಕೊಂಡು.

‘ಖರೇ ಅದರೀ. ಬರ್ರಿ, ಜಲ್ದಿ ಬರ್ರಿ’ ಎಂದು ಹೇಳಿ ಬೋರ್ಡು ಹೊತ್ತು ವಾಪಸು ಬಂದಳು.

ಬದುವಿನ ಮೇಲೆ ಬಹಳ ಹೊತ್ತು ನಿಂತು ಯೋಚಿಸಿದಳು ಎಂದರೆ ಕತೆಗೆ ಚೆಂದ. ಆದರೆ ಡ್ರೈವರ್ ನನಗೆ ಹೇಳಿದ್ದು ಬೇರೆ. ಅವನು ಬೀಡಿ ಹಚ್ಚಿಕೊಳ್ಳುವಷ್ಟರಲ್ಲಿ ಬೋರ್ಡು ಹಳೆಯ ಕುಳಿಗೇ ಬಂದಿತ್ತಂತೆ.

ಮರುದಿನ ಶಾಮಿಯಾನ ಹಾಕಿದರು. ಜನ ಬಂದರು. ನಿರ್ದೇಶಕರೂ ಬಂದರು. ಅವರನ್ನು ದಡ್ಡರೆಂದು ಹೇಳಿದರೆ ನಿನಗೆ ನಗು ಬರುತ್ತದೆ, ನನಗೂ ಹೇಳುವ ಆಸೆ ಇದೆ. ಆದರೆ ಅವರು ದಡ್ಡರಲ್ಲ. ತೊಗರಿಯಲ್ಲಿ ಕೂದಲು ಹಣ್ಣಾದವರು. ಬಲಗಡೆ ನಡೆದು ನೋಡಿದರು, ಎಡಗಡೆ ನಡೆದು ನೋಡಿದರು, ನಡುವೆ ಬಂದು ನಿಂತರು.

‘ವ್ಯತ್ಯಾಸ ಎಲ್ಲಿದೆ?’

‘ಇಲ್ಲ ಸರ್. ಎರಡೂ ಕಡೆ ಕುಡಿ ಚಿವುಟಿದ್ದಾರೆ’ ಎಂದಳು.

ನಿರ್ದೇಶಕರು ರೈತನತ್ತ ತಿರುಗಿದರು. ‘ಏನು ಯಜಮಾನ್ರೇ, ಇಲ್ಲಿ ರೈತರ ಪದ್ಧತಿ ಅಂತ ಬರೆದಿದೆಯಲ್ಲ. ಇಲ್ಲಿ ಯಾಕೆ ಚಿವುಟಿದಿರಿ?’

ರೈತ ಬೋರ್ಡನ್ನು ಒಮ್ಮೆ ನೋಡಿದ. ‘ಬರೋಬರಿ ಬರದಾರಲ್ರಿ ಸಾಹೇಬ್ರ. ನಾ ರೈತ. ಈಗ ನನ್ನ ಪದ್ಧತಿ ಇದೇ ಅದ.’

ಜನ ನಕ್ಕರು. ನಿರ್ದೇಶಕರೂ ನಕ್ಕರು. ಆಮೇಲೆ ಆಕೆಯ ಕಡೆಗೆ ನೋಡಿ, ‘ಹೋಲಿಸಿ ನೋಡಲು ಏನೂ ಇಲ್ಲದಿದ್ದರೆ ಇದನ್ನು ಪ್ರಾತ್ಯಕ್ಷಿಕೆ ಎಂದು ನಾನು ಒಪ್ಪಲಾರೆ, ತಾಯಿ’ ಎಂದು ಮೆಲ್ಲಗೆ ಹೇಳಿದರು. ಅದೂ ನ್ಯಾಯವೇ. ಎಡಗಡೆ ಇಲ್ಲದೆ ಬಲಗಡೆಯ ಗುಣ ಹೊರಗಿನವನಿಗೆ ಹೇಗೆ ತಿಳಿಯಬೇಕು?

‘ಸರಿ ಸರ್’ ಎಂದಳು. ಮೈಕು ಹಿಡಿದಳು. ಹೇಳಬೇಕಾದದ್ದು ಏನೂ ಉಳಿದಿರಲಿಲ್ಲವಾದ್ದರಿಂದ ಮೈಕನ್ನು ರೈತನ ಕೈಗೆ ಕೊಟ್ಟಳು. ಅವನು ಅದನ್ನು ಕುಡಿ ಹಿಡಿದ ಹಾಗೆ ಎರಡು ಬೆರಳಲ್ಲಿ ಹಿಡಿದು, ಎಲ್ಲಿ ಚಿವುಟಬೇಕು, ಎಷ್ಟು ಚಿವುಟಬೇಕು ಎಂದು ಹೇಳಿದ. ಜನ ಊಟವನ್ನು ಮರೆತು ಕೇಳಿದರು. ಇಲ್ಲ, ಊಟವನ್ನು ಮರೆಯಲಿಲ್ಲ. ಆದರೆ ಪಕ್ಕದ ಹೊಲದ ಒಡತಿ ಅನ್ನ ಹಾಕಿಸಿಕೊಳ್ಳುವ ಸಾಲಿನಲ್ಲಿ ನಿಂತಾಗಲೂ ಮುಂದಿದ್ದವರಿಗೆ ಕುಡಿಯ ಮಾತನ್ನೇ ಹೇಳುತ್ತಿದ್ದಳು.

ಹೈದರಾಬಾದಿಗೆ ಹೋದದ್ದು ಬೇರೊಬ್ಬ ಅಧಿಕಾರಿ. ಅವನ ಬಲಗಡೆಗೂ ಎಡಗಡೆಗೂ ವ್ಯತ್ಯಾಸ ಎದ್ದು ಕಾಣುತ್ತಿತ್ತು. ಅವನ ಫೋಟೋ ಸಿಬ್ಬಂದಿ ವಾರ್ತೆಯ ಮೊದಲ ಪುಟದಲ್ಲಿ ಬಂತು. ಈಕೆಯ ಹೆಸರು ಒಳಪುಟದಲ್ಲೂ ಇರಲಿಲ್ಲ. ಕ್ಷೇತ್ರೋತ್ಸವ ಮುಗಿಸಿ ವಾಪಸು ಬರುವಾಗ ಆಕೆ ದಾರಿಯುದ್ದಕ್ಕೂ ಕಿಟಕಿಯ ಕಡೆಗೇ ಮುಖ ಮಾಡಿ ಕುಳಿತಿದ್ದಳು ಎಂದು ಡ್ರೈವರ್ ಹೇಳಿದ. ಈ ಒಂದು ಮಾತನ್ನು ಅವನು ನಗದೆ ಹೇಳಿದ.

ಆದರೆ ಹೋದವನು ತರಬೇತಿ ಮುಗಿಸಿ ಬಂದ ದಿನ, ಅವನ ಎದುರು ಮೊದಲು ಕುರ್ಚಿ ಎಳೆದುಕೊಂಡು ಕುಳಿತವಳು ಆಕೆಯೇ. ‘ಏನೇನು ಕಲಿಸಿದರು? ಒಂದೂ ಬಿಡದೆ ಹೇಳು’ ಎಂದಳು. ಅವನು ಮೊದಲು ಹಾಸ್ಟೆಲಿನ ಊಟದ ಬಗ್ಗೆ ಹೇಳಿದ. ಆಕೆ ಬಿಡಲಿಲ್ಲ. ಕೆದಕಿ ಕೆದಕಿ ಕೇಳಿದಳು. ಅವನು ನಿದ್ದೆ ಮಾಡಿದ್ದ ಪಾಠಗಳನ್ನೂ ಹೇಗೋ ಅವನಿಂದ ಹೊರಡಿಸಿದಳು. ಅಲ್ಲಿಗೆ ಹೋಗದೆಯೇ ಆ ತರಬೇತಿ ಪಡೆದವಳು ನಮ್ಮ ವಿಭಾಗದಲ್ಲಿ ಆಕೆಯೊಬ್ಬಳೇ.

ಮುಂದಿನ ವರ್ಷ ಕೇಂದ್ರದವರು ಅದೇ ಊರಿನಲ್ಲಿ ಮತ್ತೆ ಪ್ರಾತ್ಯಕ್ಷಿಕೆ ಮಾಡಲು ಹೋದರು. ಬಲಗಡೆಯ ಬೋರ್ಡು ನೆಡಲು ಬೇಕಾದಷ್ಟು ಹೊಲ ಸಿಕ್ಕಿತು. ಎಡಗಡೆಯದನ್ನು ನೆಡಲು ಜಾಗ ಸಿಗಲಿಲ್ಲ. ಕುಡಿ ಚಿವುಟದ ತೊಗರಿ ಇಡೀ ಜಿಲ್ಲೆಯಲ್ಲೇ ಇರಲಿಲ್ಲ. ಜಿಲ್ಲೆ ಎಂದೆನೇ? ಆ ಊರು ಮಾತ್ರ. ಆ ಊರಲ್ಲೂ ಒಬ್ಬ ಚಿವುಟಿರಲಿಲ್ಲ. ಅವನು ಹತ್ತಿ ಹಾಕಿದ್ದ.

ಇಲ್ಲಿಗೆ ಕತೆ ನಿಲ್ಲಿಸಿದೆ.

‘ಆಮೇಲಾದರೂ ಅವರಿಗೆ ಬಡ್ತಿ ಸಿಕ್ಕಿತೇ?’ ಎಂದು ರೇವಣಸಿದ್ಧ ಕೇಳಿದ.

‘ಇಲ್ಲ.’

ಅವನು ಪಾಪ ಎಂಬಂತೆ ತಲೆ ಅಲ್ಲಾಡಿಸಿದ. ಆಮೇಲೆ ಮೆಲ್ಲಗೆ ಅವನ ಮುಖ ಅರಳಿತು. ‘ಹಾಗಾದರೆ ನನ್ನ ದೈವ ಚೆನ್ನಾಗಿದೆ ಗುರುಗಳೇ. ಈ ವರ್ಷ ನನ್ನ ಪ್ರಾತ್ಯಕ್ಷಿಕೆಯ ಹೊಲದಲ್ಲಿ ವ್ಯತ್ಯಾಸ ಬಸ್ಸಿನಲ್ಲಿ ಕೂತು ಹೋಗುವವರಿಗೂ ಕಾಣುತ್ತದೆ. ಬಲಗಡೆ ಗಿಡವೆಲ್ಲ ಕಾಯಿ, ಎಡಗಡೆ ಬರೀ ಕಡ್ಡಿ. ರೈತ ಎಡಗಡೆಗೆ ಬೆರಳು ಕೂಡ ಹಚ್ಚಿಲ್ಲ.’

‘ಅಂದರೆ ಗಿಡ ನಿನ್ನ ಮಾತು ಕೇಳಿದೆ, ರೈತ ಇನ್ನೂ ಕೇಳಿಲ್ಲ’ ಎಂದೆ.

ರೇವಣಸಿದ್ಧ ರಸ್ತೆಯ ಕಡೆ ತಿರುಗಿದ. ತನ್ನ ರೈತನ ಊರಿಗೆ ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಹೋಟೆಲಿನವನನ್ನು ಕೇಳಿದ. ಅವನು ಹೊರಡುವ ಮೊದಲೇ ಹೇಳಿಬಿಡುವುದು ಒಳ್ಳೆಯದೆಂದು ನಾನು ಎದ್ದು ನಿಂತು ಹೇಳಿದೆ: ‘ಪಾಕೀಟು ಮನೆಯಲ್ಲೇ ಬಿಟ್ಟು ಬಂದಿದ್ದೇನೆ ಮಾರಾಯ, ನನ್ನ ಚಹಾದ್ದೂ ನೀನೇ ಕೊಟ್ಟುಬಿಡು.’